ನೀವು ವಿದೇಶದಲ್ಲಿ, ಮಕ್ಕಳು ಮುಂಬೈಯಲ್ಲಿ: ಕಂಡ ಮೋಜನ್ನು ಮನೆಗೆ ಮುಟ್ಟಿಸುವ ಬಗೆ

ಆಫೀಸಿನ ಕೆಲಸಕ್ಕೆಂದು ಜರ್ಮನಿಗೋ ಸಿಂಗಾಪುರಕ್ಕೋ ಹೋಗಿ ಬರುವ ಅಪ್ಪ ಅಮ್ಮಂದಿರು ನಮ್ಮ ಮುಂಬೈ ಕನ್ನಡಿಗರಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ಮಕ್ಕಳು ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಅಜ್ಜಿಯ ಜೊತೆ ಇರುತ್ತಾರೆ. ಹೋದವರು ದಿನಾ ರಾಶಿ ರಾಶಿ ಫೋಟೋ ಕಳಿಸುತ್ತಾರೆ. ಮಗು ನಾಲ್ಕು ನೋಡಿ, ಫೋನನ್ನು ಅಜ್ಜಿಯ ಕೈಗೆ ಕೊಟ್ಟು ಕೆಳಗೆ ಆಡಲು ಓಡುತ್ತದೆ. ರಾತ್ರಿ ವಿಡಿಯೋ ಕಾಲ್‌ನಲ್ಲಿ "ಊಟ ಆಯ್ತಾ? ಹೋಮ್‌ವರ್ಕ್ ಆಯ್ತಾ?" ಎಂದು ಕೇಳಿದರೆ "ಹೂಂ" ಅನ್ನುವುದೊಂದೇ ಉತ್ತರ.

ಮಗುವಿಗೆ ಆಸಕ್ತಿ ಇಲ್ಲ ಅಂತ ತಿಳಿಯಬೇಡಿ. ಆ ಫೋಟೋಗಳಲ್ಲಿ ಅದಕ್ಕೆ ಮಾಡಲು ಏನೂ ಇಲ್ಲ, ಅಷ್ಟೇ. ನಾನು ಹೊರಗೆ ಹೋದಾಗ ಮಕ್ಕಳು ನಮ್ಮ ಅತ್ತೆಯವರ ಜೊತೆ ಇರುತ್ತಾರೆ. ನಾವೆಲ್ಲ ಸೇರಿ ಒಂದು ರೂಢಿ ಮಾಡಿಕೊಂಡಿದ್ದೇವೆ. ದಿನಕ್ಕೆ ಒಂದೇ ವಿಷಯ ಕಳಿಸುವುದು, ಅದರ ಜೋಡಿಯನ್ನು ಮುಂಬೈಯಲ್ಲಿ ಹುಡುಕುವ ಕೆಲಸ ಮಕ್ಕಳಿಗೆ ಕೊಡುವುದು. ಅಲ್ಲಿಯದು ನನ್ನ ಪಾಲು, ಇಲ್ಲಿಯದು ಅವರ ಪಾಲು. ಸಂಜೆ ಎರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡುತ್ತೇವೆ. ಇದನ್ನು ನಿಮ್ಮ ಮನೆಯಲ್ಲೂ ಮಾಡುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಹಂತ 1: ಹೊರಡುವ ಮೊದಲೇ ಶುರು ಮಾಡಿ

ಒಂದು ಸಾದಾ ನೋಟ್‌ಬುಕ್ ತನ್ನಿ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ "ಅಲ್ಲಿ", ಬಲಕ್ಕೆ "ಇಲ್ಲಿ" ಎಂದು ಮಗುವಿನ ಕೈಯಲ್ಲೇ ಬರೆಸಿ. ಪುಸ್ತಕ ಮನೆಯಲ್ಲೇ ಇರಲಿ. ನೀವು ಹೇಳಿದ್ದನ್ನು ಮಗು ಎಡಕ್ಕೆ ಬರೆಯುತ್ತದೆ ಅಥವಾ ಚಿತ್ರ ಬಿಡಿಸುತ್ತದೆ. ತಾನು ಹುಡುಕಿದ್ದು ಬಲಕ್ಕೆ. ಕನ್ನಡದಲ್ಲಿ ಬರೆದರೆ ತುಂಬಾ ಒಳ್ಳೆಯದು. ಇಲ್ಲಿ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಬಿಲ್ಡಿಂಗ್ ಕೆಳಗೆ ಹಿಂದಿ. ಕನ್ನಡ ಬರೆಯುವ ಸಂದರ್ಭ ಬರುವುದೇ ಕಡಿಮೆ ಅಲ್ವಾ? ತಪ್ಪು ಬರೆದರೂ ತಿದ್ದಲು ಹೋಗಬೇಡಿ, ಬರೆಯುವ ಖುಷಿಯೇ ಹೊರಟುಹೋಗುತ್ತದೆ.

ಎರಡನೆಯದು, "ನಿನಗೆ ಏನು ತರಲಿ?" ಎಂದು ಕೇಳುವ ಬದಲು "ಏನು ನೋಡ್ಕೊಂಡು ಬರಲಿ?" ಎಂದು ಕೇಳಿ. ಉತ್ತರ ಚಾಕ್ಲೇಟಿನಿಂದ ಎಲ್ಲೆಲ್ಲಿಗೋ ಹೋಗುತ್ತದೆ. ಅಲ್ಲಿ ಕಾಗೆ ಇದೆಯಾ? ಬೀದಿ ನಾಯಿ ಇದೆಯಾ? ಆಟೋ ಯಾವ ಬಣ್ಣ? ಮಕ್ಕಳ ಸ್ಕೂಲ್ ಬ್ಯಾಗ್ ನಮ್ಮಷ್ಟೇ ಭಾರ ಇರುತ್ತಾ? ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿ ಪರ್ಸ್‌ನಲ್ಲಿ ಇಟ್ಟುಕೊಳ್ಳಿ. ಹೊಸ ಊರಿನಲ್ಲಿ ಏನು ಕಳಿಸಲಿ ಅಂತ ತಲೆ ಕೆರೆದುಕೊಳ್ಳುವ ದಿನ ಈ ಚೀಟಿ ಕಾಪಾಡುತ್ತದೆ. ಮಗುವೇ ಕೇಳಿದ ಪ್ರಶ್ನೆಗೆ ಉತ್ತರ ಬಂದಾಗ ಅದು ಕೂತು ಕೇಳಿಸಿಕೊಳ್ಳುವ ರೀತಿಯೇ ಬೇರೆ.

ವಿಮಾನದ ನಂಬರ್ ಬರೆದುಕೊಟ್ಟು ಹೋಗಿ. ಫ್ಲೈಟ್‌ರಾಡಾರ್24ರಂಥ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ವಿಮಾನ ಈಗ ಯಾವ ದೇಶದ ಮೇಲಿದೆ ಎಂದು ಕಾಣುತ್ತದೆ. ಕುರ್ಲಾ, ಘಾಟ್‌ಕೋಪರ್ ಕಡೆ ಇರುವ ಮಕ್ಕಳಿಗೆ ತಲೆಯ ಮೇಲೆ ವಿಮಾನ ಇಳಿಯುವುದು ದಿನದ ಮಾತು. ಆ ವಿಮಾನ ಎಲ್ಲಿಂದ ಬಂತು ಅಂತಲೂ ಅದೇ ಆ್ಯಪ್ ಹೇಳುತ್ತದೆ. ನೀವು ಹೋದ ಮೇಲೂ ಈ ಆಟ ನಡೆಯುತ್ತಿರುತ್ತದೆ.

ಹೋಗುವ ಊರಿನಲ್ಲಿ ಫೋನ್ ಹೇಗೆ ನಡೆಯುತ್ತದೆ ಎಂದೂ ಮೊದಲೇ ವಿಚಾರಿಸಿ. ದುಬೈ, ಅಬುಧಾಬಿಯಲ್ಲಿ ವಾಟ್ಸ್ಆ್ಯಪ್ ಕಾಲ್‌ಗೆ ನಿರ್ಬಂಧ ಇದೆ, ಆದರೆ ಮೆಸೇಜ್, ವಾಯ್ಸ್ ಮೆಸೇಜ್ ಹೋಗುತ್ತವೆ. ಚೀನಾದ ಇಂಟರ್ನೆಟ್‌ನಲ್ಲಿ ವಾಟ್ಸ್ಆ್ಯಪ್ಪೇ ಬಂದ್. ಅಜ್ಜಿ ರಾತ್ರಿಯೆಲ್ಲ ಫೋನ್ ಹಿಡಿದು ಗಾಬರಿಯಿಂದ ಕೂರುವುದು ತಪ್ಪುತ್ತದೆ.

ಹಂತ 2: ಸಮಯದ ಲೆಕ್ಕ

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಸಿಂಗಾಪುರ ಎರಡೂವರೆ ಗಂಟೆ ಮುಂದೆ, ಟೋಕಿಯೋ ಮೂರೂವರೆ ಗಂಟೆ ಮುಂದೆ. ಜರ್ಮನಿ ಚಳಿಗಾಲದಲ್ಲಿ ನಾಲ್ಕೂವರೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಲಂಡನ್ ಐದೂವರೆ ಮತ್ತು ನಾಲ್ಕೂವರೆ. ನ್ಯೂಯಾರ್ಕ್ ಹತ್ತೂವರೆ ಮತ್ತು ಒಂಬತ್ತೂವರೆ.

ಎಲ್ಲದರಲ್ಲೂ ಈ "ಅರ್ಧ ಗಂಟೆ" ಯಾಕೆ ಬರುತ್ತದೆ ಅಂತ ಮಗು ಕೇಳಿಯೇ ಕೇಳುತ್ತದೆ. ಹೆಚ್ಚಿನ ದೇಶಗಳ ಗಡಿಯಾರ ಗ್ರೀನಿಚ್ ಸಮಯದಿಂದ ಪೂರ್ತಿ ಗಂಟೆಗಳ ಲೆಕ್ಕದಲ್ಲಿ ದೂರ ಇದೆ. ನಮ್ಮದು ಐದೂವರೆ. ಪಕ್ಕದ ನೇಪಾಳ ಇನ್ನೂ ವಿಚಿತ್ರ: ನಮಗಿಂತ 15 ನಿಮಿಷ ಮಾತ್ರ ಮುಂದೆ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಇಡೀ ದೇಶವೇ ಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದಕ್ಕೋ ಹಿಂದಕ್ಕೋ ತಿರುಗಿಸುತ್ತದೆ. ಚಳಿಗಾಲ, ಬೇಸಿಗೆಯ ಲೆಕ್ಕ ಬೇರೆ ಬೇರೆ ಆಗುವುದು ಇದಕ್ಕೇ. ಆ ಭಾನುವಾರ ನೀವು ಅಲ್ಲಿದ್ದರೆ ಅವತ್ತಿಗೆ ಬೇರೆ ವಿಷಯ ಹುಡುಕುವುದೇ ಬೇಡ.

ಕರೆ ಮಾಡುವ ಹೊತ್ತನ್ನು ಮಗುವಿನ ದಿನ ನೋಡಿ ಆರಿಸಿ. ಕೆಳಗೆ ಆಟ ನಡೆಯುವಾಗ, ಅಜ್ಜಿಯ ಧಾರಾವಾಹಿ ಬರುವಾಗ ಕಾಲ್ ಮಾಡಿದರೆ ಯಾರ ಮನಸ್ಸೂ ಮಾತಿನಲ್ಲಿರುವುದಿಲ್ಲ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಿಗ್ಗೆ 9 ಎಂದರೆ ಮುಂಬೈಯ ಸಂಜೆ 6:30. ನೀವು ತಿಂಡಿ ತಿನ್ನುವಾಗ ಮಗು ಹಾಲು ಕುಡಿಯುತ್ತಿರುತ್ತದೆ. ಟೋಕಿಯೋದಿಂದಾದರೆ ಅಲ್ಲಿನ ರಾತ್ರಿ 10ಕ್ಕೆ ಅದೇ ಹೊತ್ತು ಸಿಗುತ್ತದೆ.

ಹಂತ 3: ಏನನ್ನು ಆರಿಸಬೇಕು?

ಇದೇ ಮುಖ್ಯವಾದ ಹಂತ. ಐಫೆಲ್ ಟವರನ್ನು ಮಗು ಯೂಟ್ಯೂಬ್‌ನಲ್ಲಿ ನಿಮಗಿಂತ ಚೆನ್ನಾಗಿ ನೋಡಿದೆ. ಅದರ ಮುಂದೆ ನಿಂತ ನಿಮ್ಮ ಸೆಲ್ಫಿ ಅತ್ತೆ ಮಾವಂದಿರ ಗ್ರೂಪಿಗೆ ಇರಲಿ. ಮಗುವಿಗೆ ಬೀದಿಯ ಸಣ್ಣ ಸಣ್ಣ ಸಂಗತಿ ನೋಡಿ: ಸಿಗ್ನಲ್, ಗಟಾರದ ಮುಚ್ಚಳ, ಬಸ್ ಟಿಕೆಟ್, ನಾಣ್ಯ, ಕಸದ ಡಬ್ಬಿ. ಇವಕ್ಕೆಲ್ಲ ಮುಂಬೈಯಲ್ಲಿ ಜೋಡಿ ಇದ್ದೇ ಇರುತ್ತದೆ.

ಬರ್ಲಿನ್‌ನ ಸಿಗ್ನಲ್ ಮನುಷ್ಯನನ್ನು ತೆಗೆದುಕೊಳ್ಳಿ. ಅವನ ತಲೆಯ ಮೇಲೆ ಅಗಲ ಅಂಚಿನ ಟೋಪಿ ಇದೆ. ಹಸಿರು ಬಂದಾಗ ದೊಡ್ಡ ಹೆಜ್ಜೆ ಹಾಕಿ ನಡೆಯುತ್ತಾನೆ. ಕೆಂಪು ಬಂದಾಗ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತವನ ಹಾಗೆ ನಿಲ್ಲುತ್ತಾನೆ. 1961ರಲ್ಲಿ ಪೂರ್ವ ಬರ್ಲಿನ್‌ನ ಕಾರ್ಲ್ ಪೆಗ್ಲಾವ್ ಎಂಬವರು ಬಿಡಿಸಿದ ಚಿತ್ರ ಅದು. ಎರಡು ಜರ್ಮನಿಗಳು ಒಂದಾದ ಮೇಲೆ ಈ ಟೋಪಿವಾಲಾನನ್ನು ತೆಗೆದುಹಾಕಲು ಹೊರಟರು. ಜನ ಬಿಡಲಿಲ್ಲ. ಈಗ ಅವನು ಹಿಂದಿನ ಪಶ್ಚಿಮ ಬರ್ಲಿನ್‌ನ ಬೀದಿಗಳಲ್ಲೂ ಇದ್ದಾನೆ. ನಾನು ಅವನ ಕೆಂಪು, ಹಸಿರು ಎರಡೂ ಚಿತ್ರ ಕಳಿಸಿ, "ನಮ್ಮ ಸಿಗ್ನಲ್‌ನಲ್ಲಿ ಯಾರಿದ್ದಾರೆ, ನೋಡಿ ಹೇಳು" ಎಂದು ಮಗಳಿಗೆ ಕೆಲಸ ಕೊಟ್ಟೆ.

ಮುಂಬೈಯಲ್ಲಿ ಇದಕ್ಕೆ ಒಳ್ಳೆಯ ಜೋಡಿ ಇದೆ. 2020ರಲ್ಲಿ ಪಾಲಿಕೆ ದಾದರ್‌ನ ಶಿವಾಜಿ ಪಾರ್ಕ್‌ನಿಂದ ಮಾಹಿಮ್ ಕಡೆಗಿನ ಸಿಗ್ನಲ್‌ಗಳಲ್ಲಿ ಫ್ರಾಕ್ ತೊಟ್ಟ ಹೆಣ್ಣಿನ ಆಕೃತಿ ಹಾಕಿಸಿತು. ಮಗಳು ಅಜ್ಜಿಯ ಕೈ ಹಿಡಿದು ಅಲ್ಲಿ ನಿಂತು, ಹಸಿರು ಬಂದರೂ ರಸ್ತೆ ದಾಟದೆ ಚಿತ್ರ ಬಿಡಿಸಿದಳಂತೆ. ಮತ್ತೆ ಕೆಂಪಾಯಿತು. ಅದನ್ನೂ ಬಿಡಿಸಿದಳು. ಅವತ್ತು ರಾತ್ರಿ ಕಾಲ್‌ನಲ್ಲಿ ನಾನು ಬಾಯಿ ತೆರೆಯುವ ಮೊದಲೇ, "ಅಮ್ಮಾ, ನಿನ್ನವನಿಗೆ ಟೋಪಿ, ನನ್ನವಳಿಗೆ ಫ್ರಾಕ್! ಆದರೆ ನನ್ನವಳಿಗೆ ಕೈ ಚಾಚೋಕೆ ಬರಲ್ಲ" ಎಂದು ಶುರು ಮಾಡಿದಳು. ಅಜ್ಜಿ ಪಕ್ಕದಿಂದ, "ನೀರಿನ ಬಾಟ್ಲಿ ಬೆಂಚಿನ ಮೇಲೇ ಬಿಟ್ಟು ಬಂದಿದ್ದಾಳೆ, ಅದನ್ನೂ ಹೇಳು" ಎಂದರು.

ಜರ್ಮನಿಯದೇ ಇನ್ನೊಂದು: ಖಾಲಿ ಬಾಟ್ಲಿ ನುಂಗಿ ದುಡ್ಡು ಕೊಡುವ ಮೆಷಿನ್. ಪ್ಲಾಸ್ಟಿಕ್ ಬಾಟ್ಲಿಯಲ್ಲಿ ನೀರು ಕೊಂಡರೆ 25 ಸೆಂಟ್ ಜಾಸ್ತಿ ತೆಗೆದುಕೊಳ್ಳುತ್ತಾರೆ. ಖಾಲಿ ಬಾಟ್ಲಿಯನ್ನು ಸೂಪರ್ ಮಾರ್ಕೆಟ್ಟಿನ ಮೆಷಿನ್‌ಗೆ ಹಾಕಿದರೆ ಚೀಟಿ ಬರುತ್ತದೆ, ಕೌಂಟರಿನಲ್ಲಿ ಆ ದುಡ್ಡು ವಾಪಸು. ಇದರ ಜೋಡಿ ನಮ್ಮ ಬೀದಿಯ ರದ್ದಿವಾಲಾ, ಭಂಗಾರ್‌ವಾಲಾ. ಪೇಪರ್ ಕಿಲೋಗೆ ಎಷ್ಟು, ಹಾಲಿನ ಪ್ಲಾಸ್ಟಿಕ್ ಚೀಲಕ್ಕೆ ಎಷ್ಟು, ಕಬ್ಬಿಣಕ್ಕೆ ಎಷ್ಟು ಎಂದು ಮಗು ಹೋಗಿ ಕೇಳಿ ಬರೆಯಲಿ. ಅಲ್ಲಿ ಮೆಷಿನ್ ಮಾಡುವ ಕೆಲಸವನ್ನು ಇಲ್ಲಿ ತಕ್ಕಡಿ ಹಿಡಿದ ಒಬ್ಬ ಮನುಷ್ಯ ಮಾಡುತ್ತಾನೆ ಎನ್ನುವುದು ಅದಕ್ಕೇ ಕಾಣುತ್ತದೆ.

ಸಿಂಗಾಪುರದ ಮೆಟ್ರೋದಲ್ಲಿ ಡುರಿಯನ್ ಹಣ್ಣು ತರಬೇಡಿ ಎಂಬ ಚಿತ್ರದ ಬೋರ್ಡು ಇದೆ. ಹೊರಗಿನಿಂದ ನಮ್ಮ ಹಲಸಿನ ಹಾಗೇ ಮುಳ್ಳು ಮುಳ್ಳು. ಆದರೆ ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ಡುರಿಯನ್ ವಾಸನೆ ಸಿಕ್ಕಾಪಟ್ಟೆ ಜೋರು, ಅದಕ್ಕೇ ಆ ನಿಷೇಧ. ಹಲಸಿನ ಕಾಲವಾದರೆ ಮಾಟುಂಗಾ ಮಾರ್ಕೆಟ್‌ಗೆ ಅಜ್ಜಿಯ ಜೊತೆ ಕಳಿಸಿ, ಹಲಸಿನ ವಾಸನೆಯನ್ನು ಮೂರು ಮಾತಿನಲ್ಲಿ ಹೇಳು ಎನ್ನಿ. ನಮ್ಮ ಊರ ಕಡೆಯ ಹಿತ್ತಲಿನ ಹಲಸಿನ ಕಥೆಗಳು ಅಜ್ಜಿಯ ಬಾಯಿಂದ ತಾವಾಗಿ ಹೊರಡುತ್ತವೆ.

ಹಂತ 4: ಫೋಟೋಗಿಂತ ಮೊದಲು ಶಬ್ದ

ನನ್ನ ಅನುಭವದಲ್ಲಿ ವಾಯ್ಸ್ ಮೆಸೇಜಿನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಮಗು ಅದನ್ನು ಮತ್ತೆ ಮತ್ತೆ ಹಾಕಿ ಕೇಳುತ್ತದೆ. ನಿಮ್ಮ ದನಿ ಮನೆಯಲ್ಲಿ ಉಳಿಯುತ್ತದೆ. ನೀವು ಮಲಗಿದ್ದಾಗಲೂ ಮಗುವಿಗೆ ಸಿಗುತ್ತದೆ.

ಮಾಡುವ ಕ್ರಮ ಸುಲಭ. ಮೊದಲು ಶಬ್ದ ಮಾತ್ರ ಕೇಳಿಸಿ, ಆಮೇಲೆ ಪ್ರಶ್ನೆ, ಆಮೇಲೆ ಕೆಲಸ. ಉತ್ತರವನ್ನು ಸಂಜೆಯ ತನಕ ಹೇಳಬೇಡಿ. ಒಂದು ನಿಮಿಷ ದಾಟದಿದ್ದರೆ ಒಳ್ಳೆಯದು. ಬಾಟ್ಲಿ ಮೆಷಿನ್‌ನ ಎದುರು ನಿಂತು ಹೀಗೆ ಹೇಳಬಹುದು:

"ಪುಟ್ಟಿ, ಈ ಗರಗರ ಶಬ್ದ ಕೇಳು. ಇದು ಏನೋ ತಿಂತಾ ಇದೆ. ತಿಂದು ದುಡ್ಡು ಕೊಡುತ್ತೆ! ಏನು ತಿಂತಿರಬಹುದು, ಯೋಚನೆ ಮಾಡು. ಮತ್ತೆ ನಮ್ಮ ಮನೆಯ ಹಳೇ ಪೇಪರ್ ಯಾರಿಗೆ ಕೊಡ್ತೀವಿ, ಅವರು ಕಿಲೋಗೆ ಎಷ್ಟು ಕೊಡ್ತಾರೆ, ಕೇಳ್ಕೊಂಡು ಸಂಜೆ ಹೇಳು."

ಜಪಾನಿನಲ್ಲಿ ರಸ್ತೆ ದಾಟುವ ಕೆಲವು ಸಿಗ್ನಲ್‌ಗಳು ಹಕ್ಕಿಯ ದನಿಯಲ್ಲಿ ಕೂಗುತ್ತವೆ. ಒಂದು ದಿಕ್ಕಿನ ದಾರಿಗೆ ಕುಕ್ಕೂ ಎಂಬ ಕೂಗು, ಅದಕ್ಕೆ ಅಡ್ಡ ಇರುವ ದಾರಿಗೆ ಮರಿಹಕ್ಕಿಯ ಚಿಂವ್ ಚಿಂವ್. ಕಣ್ಣು ಕಾಣದವರಿಗೆ ಯಾವ ಕಡೆಯ ದಾರಿ ತೆರೆದಿದೆ ಎಂದು ತಿಳಿಯಲು ಈ ಏರ್ಪಾಡು. ಎರಡನ್ನೂ ರೆಕಾರ್ಡ್ ಮಾಡಿ ಕಳಿಸಿ, ಮಗು ಕಣ್ಣು ಮುಚ್ಚಿ ಹಾಲ್‌ನಲ್ಲಿ ನಡೆದು ನೋಡಲಿ. ಅಣ್ಣನೋ ತಂಗಿಯೋ ಸಿಗ್ನಲ್ ಆಗಲಿ.

ಲಂಡನ್ನಿನ ಮೆಟ್ರೋದ "ಮೈಂಡ್ ದ ಗ್ಯಾಪ್" (ಸಂದು ನೋಡಿ ಕಾಲಿಡಿ) ಎಂಬ ದನಿ ಕಳಿಸಿದರೆ, ನಮ್ಮ ಲೋಕಲ್‌ನಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಮುಂದಿನ ಸ್ಟೇಷನ್ ಹೇಳುವ ದನಿಯನ್ನು ಮಗು ರೆಕಾರ್ಡ್ ಮಾಡಿ ವಾಪಸು ಕಳಿಸಲಿ. ಇದು ಎರಡೂ ಕಡೆಯಿಂದ ನಡೆಯಬೇಕು. ಮಳೆಗಾಲದಲ್ಲಿ ನಮ್ಮ ಬಾಲ್ಕನಿಯ ತಗಡಿನ ಮೇಲೆ ಬೀಳುವ ಮಳೆಯ ಶಬ್ದ ಬಂದರೆ, ದೂರದ ಹೋಟೆಲ್ ರೂಮಿನಲ್ಲಿ ಅದನ್ನು ಕೇಳಲು ಎಷ್ಟು ಹಿತ ಗೊತ್ತಾ!

ಹಂತ 5: ಕೈಯಲ್ಲಿ ಹಿಡಿಯುವಂಥದ್ದು

ಎಲ್ಲವೂ ಫೋನಿನಲ್ಲೇ ಮುಗಿಯಬಾರದು. ಜೇಬಿನಲ್ಲಿರುವ ನಾಣ್ಯಗಳಿಂದ ಶುರು ಮಾಡಿ. ತೆಳು ಕಾಗದದ ಕೆಳಗೆ ನಾಣ್ಯ ಇಟ್ಟು, ಮೆತ್ತನೆಯ ಪೆನ್ಸಿಲನ್ನು ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಿ. ಮೊದಲು ಅಂಚು ಮೂಡುತ್ತದೆ, ಆಮೇಲೆ ಅಕ್ಷರ, ಕೊನೆಗೆ ನಡುವಿನ ಚಿತ್ರ. ಜೋರಾಗಿ ಒತ್ತಿದರೆ ಕಾಗದ ಹರಿಯುತ್ತದೆ. ಜಪಾನಿನ 5 ಮತ್ತು 50 ಯೆನ್ ನಾಣ್ಯಕ್ಕೆ ನಡುವೆ ತೂತು ಇದೆ. ಉಜ್ಜಿದಾಗ ಆ ತೂತು ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. 1943ರಿಂದ ಕೆಲವು ವರ್ಷ ನಮ್ಮ ದೇಶದಲ್ಲೂ ತೂತಿನ ಪೈಸೆ ಇತ್ತು. ಅಜ್ಜಿಯ ಹಳೇ ಡಬ್ಬಿಯಲ್ಲಿ ಒಂದಾದರೂ ಇದ್ದೀತು, ಹುಡುಕಿಸಿ. ಬ್ರಿಟನ್ನಿನ 50 ಪೆನ್ಸ್‌ಗೆ ಏಳು ಬದಿ. ಜಪಾನಿನ 1 ಯೆನ್ ಅಲ್ಯುಮಿನಿಯಂ ನಾಣ್ಯದ ತೂಕ ಸರಿಯಾಗಿ 1 ಗ್ರಾಂ. ಅಂಥ ಹತ್ತು ನಾಣ್ಯ ತಂದರೆ ಮಗುವಿಗೆ ಆಟದ ತಕ್ಕಡಿಯ ತೂಕದ ಬಟ್ಟು ಸಿಕ್ಕಂತೆ.

ಪೋಸ್ಟ್ ಕಾರ್ಡನ್ನು ಊರು ಮುಟ್ಟಿದ ಮೊದಲ ದಿನಗಳಲ್ಲೇ ಹಾಕಿ. ಕೊನೆಗೆ ಹಾಕಿದರೆ ನೀವೇ ಮೊದಲು ಮನೆ ಸೇರುತ್ತೀರಿ. ಒಳಗಿನ ಮಾತು ಕನ್ನಡದಲ್ಲೇ ಇರಲಿ. ವಿಳಾಸ ಮಾತ್ರ ಇಂಗ್ಲಿಷಿನಲ್ಲಿ, ದೇಶದ ಹೆಸರು ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ, ಪಿನ್ ಕೋಡ್ ಸ್ಪಷ್ಟವಾಗಿ. ಈ ಪಿನ್ ಕೋಡೇ ಒಂದು ಕಥೆ. ಶ್ರೀರಾಮ್ ಭಿಕಾಜಿ ವೇಲಣಕರ್ ಎಂಬ ಅಧಿಕಾರಿ ರೂಪಿಸಿದ ಇದು 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಅವರು ಸಂಸ್ಕೃತ ಕವಿಯೂ ಹೌದು. ಮುಂಬೈಯ ಪಿನ್ 400ರಿಂದ, ಪುಣೆಯದು 411ರಿಂದ ಶುರು. ಊರಿನಲ್ಲಿರುವ ಅಜ್ಜನ ಮನೆಯ ಪಿನ್ 5ರಿಂದ ಯಾಕೆ ಶುರುವಾಗುತ್ತದೆ ಎಂದು ಮಗು ಪತ್ತೆ ಮಾಡಲಿ. ಮೊದಲ ಅಂಕೆ ದೇಶದ ಯಾವ ಭಾಗ ಎಂದು ಹೇಳುತ್ತದೆ.

ಬಸ್ ಟಿಕೆಟ್, ಸಕ್ಕರೆ ಪೊಟ್ಟಣ, ಬಿಸ್ಕತ್ತಿನ ಹೊದಿಕೆ ಇವನ್ನೆಲ್ಲ ಒಂದು ಕವರಿನಲ್ಲಿ ಹಾಕಿಟ್ಟುಕೊಳ್ಳಿ. ಅಂಗಡಿಯ ಕೀ ಚೈನಿಗಿಂತ ಇವು ಮೇಲು.

ಹಂತ 6: ಒಂದೇ ಆಕಾಶ, ಎರಡು ನೋಟ

ಜೂನ್‌ನಲ್ಲಿ ಲಂಡನ್ನಿನಲ್ಲಿ ಸೂರ್ಯ ಮುಳುಗುವಾಗ ಅಲ್ಲಿ ರಾತ್ರಿ 9 ದಾಟಿರುತ್ತದೆ. ಮುಂಬೈಯಲ್ಲಿ ಸುಮಾರು 7:15. ಡಿಸೆಂಬರ್‌ನಲ್ಲಿ ಲಂಡನ್ನಿಗೆ ಸಂಜೆ 4ಕ್ಕೇ ಕತ್ತಲು. ಎದುರಿನ ಬಿಲ್ಡಿಂಗಿನ ಹಿಂದೆ ಸೂರ್ಯ ಮರೆಯಾಗುವ ಹೊತ್ತನ್ನು ಮಗು ಬರೆದಿಡಲಿ, ನೀವೂ ನಿಮ್ಮ ಕಿಟಕಿಯಿಂದ ನೋಡಿ ಬರೆಯಿರಿ.

ಆಸ್ಟ್ರೇಲಿಯಾಕ್ಕೆ ಹೋಗುವವರಿಗೆ ಇನ್ನೂ ಒಳ್ಳೆಯ ಆಟ ಇದೆ. ಅಜ್ಜಿಯ ಕ್ಯಾಲೆಂಡರಿನಲ್ಲಿ ಶುಕ್ಲ ಪಕ್ಷದ ಅಷ್ಟಮಿ ಯಾವಾಗ ಎಂದು ನೋಡಿಸಿ. ಅವತ್ತು ಸೂರ್ಯ ಮುಳುಗುತ್ತಲೇ ಅರ್ಧ ಚಂದ್ರ ಮೇಲೆಯೇ ಇರುತ್ತಾನೆ. ಮುಂಬೈಯಲ್ಲಿ ಮಗು ಟೆರೇಸಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಂತು ಚಂದ್ರನನ್ನು ಬಿಡಿಸಲಿ. ನೀವು ಸಿಡ್ನಿಯಲ್ಲಿ ಉತ್ತರಕ್ಕೆ ಮುಖ ಮಾಡಿ ಬಿಡಿಸಿ. ಮಗುವಿನ ಚಿತ್ರದಲ್ಲಿ ಬೆಳಕು ಬಲಕ್ಕೆ, ನಿಮ್ಮದರಲ್ಲಿ ಎಡಕ್ಕೆ! ಭೂಮಿಯ ಕೆಳ ಅರ್ಧದಲ್ಲಿ ನಿಂತವರಿಗೆ ಚಂದ್ರ ಬುಡಮೇಲಾಗಿ ಕಾಣುತ್ತಾನೆ. ಭೂಮಿ ದುಂಡಗಿದೆ ಎಂದು ಪಾಠದಲ್ಲಿ ಓದಿದ್ದು ಇಲ್ಲಿ ಕಣ್ಣಿಗೇ ಬೀಳುತ್ತದೆ.

ಹಂತ 7: ಬೇಡವಾದವು

"ಅಲ್ಲಿ ಎಷ್ಟು ಕ್ಲೀನು, ನಮ್ಮಲ್ಲಿ ಬರೀ ಗಲೀಜು" ಎಂಬ ಮಾತು ಬೇಡವೇ ಬೇಡ. ಮಗು ಅದನ್ನು ಬಹಳ ಬೇಗ ಕಲಿಯುತ್ತದೆ, ತನ್ನ ಬೀದಿಯನ್ನೇ ಕೀಳಾಗಿ ನೋಡುತ್ತದೆ. ಜೋಡಿ ಹುಡುಕುವಾಗ ನಮ್ಮ ಕಡೆಯ ಹೆಚ್ಚುಗಾರಿಕೆಯೂ ಬರಲಿ. ಲಂಡನ್ನಿನ ಭೂಗತ ರೈಲು ಶುರುವಾದದ್ದು 1863ರ ಜನವರಿಯಲ್ಲಿ. ಬೋರಿಬಂದರಿನಿಂದ ಠಾಣೆಗೆ ನಮ್ಮ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಸುಮಾರು ಹತ್ತು ವರ್ಷ ಮೊದಲೇ!

ಬೇರೆಯವರ ಮಕ್ಕಳ ಫೋಟೋ ತೆಗೆದು ಕಳಿಸಬೇಡಿ. ಮನೆಯಲ್ಲಿ ಅಜ್ಜಿ ಮಕ್ಕಳು ಮಾತ್ರ ಇದ್ದಾರೆ ಎಂದು ತಿಳಿಯುವ ಹಾಗೆ ಎಲ್ಲರಿಗೂ ಕಾಣುವ ಸ್ಟೇಟಸ್ ಹಾಕಬೇಡಿ. ಪ್ರವಾಸದ ಫೋಟೋ ಹಾಕಲೇಬೇಕಿದ್ದರೆ ವಾಪಸು ಬಂದ ಮೇಲೆ ಹಾಕಿ.

ಬೀಜ, ಗಿಡ, ಮಣ್ಣು ತರಬೇಡಿ. ರೋಗ, ಕೀಟ ಬರುತ್ತವೆಂದು ಅದಕ್ಕೆ ಅನುಮತಿಯ ನಿಯಮಗಳಿವೆ. ಸಮುದ್ರತೀರದ ಚಿಪ್ಪು, ಮರಳೂ ಹಾಗೆಯೇ. ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಮರಳು ತೆಗೆದುಕೊಂಡು ಹೋದರೆ ದಂಡ ಬೀಳುತ್ತದೆ. ಚಿಪ್ಪಿನ ಚಿತ್ರ ಬಿಡಿಸಿ ಕಳಿಸಿ, ಸಾಕು.

ಹಂತ 8: ವಾಪಸು ಬಂದ ಮೇಲೆ

ಬಂದ ದಿನ ನಿದ್ದೆ ಮಾಡಿ. ಮುಂದಿನ ಭಾನುವಾರ ಮಕ್ಕಳ ಜೊತೆ, ಪುಸ್ತಕ ಹಿಡಿದು ಹೊರಡಿ. ಲಂಡನ್ನಿಗೆ ಹೋಗಿ ಬಂದವರಾದರೆ ಚರ್ಚ್‌ಗೇಟ್‌ನಲ್ಲಿ ಇಳಿದು ಓವಲ್ ಮೈದಾನಕ್ಕೆ ಬನ್ನಿ. ಎದುರಿಗೇ ರಾಜಾಬಾಯಿ ಗಡಿಯಾರದ ಗೋಪುರ ಕಾಣುತ್ತದೆ. ಬಿಗ್ ಬೆನ್ ಇರುವ ಗೋಪುರವನ್ನು ಮಾದರಿಯಾಗಿ ಇಟ್ಟುಕೊಂಡು ಕಟ್ಟಿದ್ದು, 1878ರಲ್ಲಿ ಮುಗಿಯಿತು. ಖರ್ಚು ಕೊಟ್ಟ ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್ ತಮ್ಮ ತಾಯಿಯ ಹೆಸರಿಡಿಸಿದರು. ನಕ್ಷೆ ಮಾಡಿದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅವರೇ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನ ಹೋಟೆಲಿನ ನಕ್ಷೆಯನ್ನೂ ಮಾಡಿದವರು. ಫೋನಿನಲ್ಲಿ ಆ ಹೋಟೆಲಿನ ಫೋಟೋ ತೆರೆದಿಟ್ಟುಕೊಂಡು ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ನಿನ ತನಕ ನಡೆದು ಹೋಗಿ. ಚೂಪು ಕಮಾನು, ಗೋಪುರ, ಕಲ್ಲಿನ ಪ್ರಾಣಿಗಳು ಯಾವುದರಲ್ಲಿ ಇವೆ, ಯಾವುದರಲ್ಲಿ ಇಲ್ಲ ಎಂದು ಮಕ್ಕಳೇ ಗುರುತು ಹಾಕಲಿ. ಸಿಎಸ್‌ಎಂಟಿಯಲ್ಲಿ ನವಿಲು ಎಲ್ಲಿದೆ ಎಂದು ಹುಡುಕಿಸಿ.

ಪುಸ್ತಕದಲ್ಲಿ "ಇಲ್ಲಿ" ಎಂಬ ಕಡೆ ಕೆಲವು ಖಾಲಿ ಉಳಿದಿರುತ್ತವೆ. ಹಕ್ಕಿಯ ಹಾಗೆ ಕೂಗುವ ಸಿಗ್ನಲ್ ನಮ್ಮ ಮಕ್ಕಳಿಗೆ ಈ ತನಕ ಇಲ್ಲಿ ಸಿಕ್ಕಿಲ್ಲ. ಸುಮ್ನೆ ಏನಾದರೂ ಬರೆದು ತುಂಬಿಸುವುದು ಬೇಡ, ಖಾಲಿಯೇ ಇರಲಿ. ಉತ್ತರ ಸಿಗದ ಚೀಟಿಗಳನ್ನು ಹಿಂದಿನ ಪುಟಕ್ಕೆ ಅಂಟಿಸಿ. ಚಿಕ್ಕಪ್ಪನೋ ಸೋದರಮಾವನೋ ಮುಂದೆ ವಿದೇಶಕ್ಕೆ ಹೊರಟಾಗ ಮಗು ಆ ಚೀಟಿಗಳನ್ನು ಕಿತ್ತು ಅವರ ಕೈಗೆ ಕೊಡಬಹುದು.